ಸಗರದ ಬೋಗುಣಿ

ಸುರಪುರದಿಂದ ಶಹಾಪುರಕ್ಕೆ ಮನೆ ಬದಲಿಸಿದಾಗ ನನ್ನ ಹೆಂಡತಿಗೆ ರಜೆ ಸಿಗಲಿಲ್ಲ, ನನಗೆ ಸಿಕ್ಕಿತು. ಮುಂದೆ ನಡೆದದ್ದಕ್ಕೆಲ್ಲ ಅದೇ ಕಾರಣ.

ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ವರ್ಗವಾಗಿ ಶಹಾಪುರದ ಶಾಲೆಗೆ ಬಂದು ಆಗಿನ್ನೂ ಕೆಲವೇ ದಿನಗಳಾಗಿದ್ದವು. ಬಂದ ಕೂಡಲೇ ರಜೆ ಕೇಳಿದರೆ ಹೆಡ್‌ಮಾಸ್ತರರು ಏನಂದುಕೊಂಡಾರು ಎಂಬ ಅಂಜಿಕೆ ಅವಳಿಗೆ. ನಾನು ಯಾದಗಿರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ನನ್ನ ಬಗ್ಗೆ ಅಲ್ಲಿ ಏನೇನು ಅಂದುಕೊಳ್ಳಬೇಕೋ ಅದನ್ನೆಲ್ಲ ಬಹಳ ಹಿಂದೆಯೇ ಅಂದುಕೊಂಡು ಮುಗಿಸಿದ್ದರು. ಹಾಗಾಗಿ ಅರ್ಜಿ ಬರೆದ ದಿನವೇ ಒಂದು ವಾರದ ರಜೆ ಮಂಜೂರಾಯಿತು. ನಾನಿಲ್ಲದೆ ಕಚೇರಿ ನಡೆಯುವುದೇ ಎಂದು ಯಾರೂ ಚಿಂತಿಸಲಿಲ್ಲ. ಅದು ಸ್ವಲ್ಪ ಬೇಸರದ ಸಂಗತಿಯೇ, ಇರಲಿ.

ಗುರುವಾರ ಸಂಜೆ ಟೆಂಪೋದಿಂದ ಸಾಮಾನು ಇಳಿಯಿತು. ಶುಕ್ರವಾರ ಬೆಳಿಗ್ಗೆ ಹೆಂಡತಿ ಶಾಲೆಗೆ ಹೊರಡುತ್ತ ಬಾಗಿಲಲ್ಲಿ ನಿಂತು ಹೇಳಿದಳು: “ಅಡಗಿಮನಿ ಒಂದು ಹಚ್ಚಿ ಇಡ್ರಿ. ಉಳಿದದ್ದು ನಾ ಬಂದು ನೋಡ್ತೀನಿ. ಯಾರರ ಏನರ ತಂದು ಕೊಟ್ರ, ಯಾರ ಮನೀದು ಅಂತ ಕೇಳಿ ತಗೋರಿ.”

ಮೊದಲನೆಯ ಕೆಲಸವನ್ನು ನಾನು ಮನಸಿಟ್ಟು ಮಾಡಿದೆ. ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಜೋಳದ ಹಿಟ್ಟಿನ ಡಬ್ಬಿ ಬಹಳ ದೊಡ್ಡದು, ಕಾಲಿಗೆ ತಡೆಯುತ್ತದೆಂದು ಏಣಿ ಹಾಕಿ ಅಟ್ಟದ ಮೇಲೆ ಏರಿಸಿದೆ. ದೂರ ನಿಂತು ನೋಡಿದರೆ ಕಚೇರಿಯ ರೆಕಾರ್ಡ್ ಕೋಣೆಗಿಂತ ಚೊಕ್ಕಟವಾಗಿ ಕಾಣುತ್ತಿತ್ತು. ಎರಡನೆಯ ಕೆಲಸ ಮಾತ್ರ ನನ್ನಿಂದ ಆಗಲಿಲ್ಲ.

ಮಧ್ಯಾಹ್ನ ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಬಂದರು. ಹೊಸದಾಗಿ ಬಂದವರ ಒಲೆ ಇನ್ನೂ ಹತ್ತಿರುವುದಿಲ್ಲ ಎಂದು ಊಟ ಕೊಟ್ಟು ಕಳಿಸುವ ರೂಢಿ ನಮ್ಮ ಕಡೆ ಇನ್ನೂ ಉಳಿದಿದೆ. ಒಬ್ಬರು ರೊಟ್ಟಿ ತಂದರು, ಇನ್ನೊಬ್ಬರು ಪುಂಡಿಪಲ್ಯ ತಂದರು, ಮತ್ತೊಬ್ಬರು ದಪ್ಪ ತಳದ ಸ್ಟೀಲಿನ ಬೋಗುಣಿಯಲ್ಲಿ ಬಿಸಿ ಗೋಧಿಹುಗ್ಗಿ ತಂದರು. ಎಲ್ಲರೂ ಸೆರಗು ಸರಿಪಡಿಸಿಕೊಂಡು ಹೇಳಿದ್ದು ಒಂದೇ ಮಾತು: “ನಮ್ಮನೀದ್ರಿ. ಟೀಚರ್‌ಗಿ ಕೊಡ್ರಿ.” ನಾನು ಹೊಸ್ತಿಲನ್ನೇ ನೋಡುತ್ತ ಕೈಚಾಚಿ ತೆಗೆದುಕೊಂಡೆ.

ಸಂಜೆ ಹೆಂಡತಿ ಬಂದು ಪಾತ್ರೆಗಳನ್ನು ನೋಡಿ ಕೇಳಿದಳು: “ಯಾರು ಕೊಟ್ರು?”

“ನಮ್ಮನೀದು ಅಂದ್ರು.”

“ನಮ್ಮನಿ ಅಂದ್ರ ಯಾರ ಮನಿ?”

“ಅವರ ಮನಿ.”

ಅವಳು ಚೀಲ ಕೆಳಗಿಟ್ಟಳು. “ಮಾರಿ ನೋಡ್ಲಿಲ್ಲೇನು?”

“ಗುರ್ತಿಲ್ಲದ ಹೆಣಮಕ್ಕಳ ಮಾರಿ ಹೆಂಗ ನೋಡ್ಲಿ?”

“ಲಗ್ನಕ್ಕ ಮೊದ್ಲು ನಂದು ನೋಡಿದ್ರಲ್ಲ, ಹಂಗ.”

ಊಟಕ್ಕೆ ಕುಳಿತೆವು. ಹುಗ್ಗಿ ಬಹಳ ರುಚಿಯಾಗಿತ್ತು. ರೊಟ್ಟಿ, ಪುಂಡಿಪಲ್ಯ ಕೊಟ್ಟವರು ರಾತ್ರಿಯೇ ಬಂದು ತಮ್ಮ ಪಾತ್ರೆ ತೆಗೆದುಕೊಂಡು, ಹೆಂಡತಿಯ ಪರಿಚಯ ಮಾಡಿಕೊಂಡು ಹೋದರು. ಹುಗ್ಗಿಯ ಬೋಗುಣಿ ಕೇಳಿಕೊಂಡು ಯಾರೂ ಬರಲಿಲ್ಲ.

ಮರುದಿನ ಶನಿವಾರ, ಅವಳಿಗೆ ಬೆಳಗಿನ ಶಾಲೆ. ಗಾಡಿ ಹೋಟೆಲಿನಿಂದ ನಾನು ತಂದ ಮಂಡಕ್ಕಿ ಸುಸಲಾ ತಿಂದು, ಚಹಾ ಕುಡಿದು ಹೊರಟಳು. ಅಡುಗೆಮನೆಗೆ ಕಾಲಿಡುವ ಪ್ರಸಂಗ ಅವಳಿಗೆ ಇನ್ನೂ ಬಂದಿರಲಿಲ್ಲ. ಹೋಗುವಾಗ ಹೇಳಿದಳು: “ಬೋಗುಣಿ ಯಾರದಂತ ತಿಳಕೊಂಡು ಕೊಟ್ಟು ಬರ್ರಿ. ಖಾಲಿ ಕೊಡಬ್ಯಾಡ್ರಿ ಮತ್ತ, ಜರಾ ಸಕ್ಕರಿ ಹಾಕಿ ಕೊಡ್ರಿ.”

ಬೋಗುಣಿ ತೊಳೆದು ತಿರುಗಿಸಿ ನೋಡಿದೆ. ಕಂಠದ ಕೆಳಗೆ ಚುಕ್ಕೆ ಚುಕ್ಕೆಯಾಗಿ ಅಕ್ಷರ ಕೊರೆದಿದ್ದರು: ‘ತವರಿನ ಕಾಣಿಕೆ, ಸಗರ.’ ಸಗರ ಇಲ್ಲೇ ಶಹಾಪುರದ ಹತ್ತಿರದ ಊರು. ನನಗೆ ಎಷ್ಟು ಖುಷಿಯಾಯಿತೆಂದರೆ, ಹೆಂಡತಿಗೆ ಫೋನ್ ಮಾಡಿ ಹೇಳೋಣವೆನಿಸಿತು. ಮುಖ ನೋಡಿದ್ದರೂ ಇಷ್ಟು ಖಾತ್ರಿಯಾಗಿ ತಿಳಿಯುತ್ತಿರಲಿಲ್ಲ. ಮನೆಯ ಮಾಲೀಕರು ಮೇಲಿನ ಮಹಡಿಯಲ್ಲೇ ಇರುತ್ತಾರೆ. ಅರಿವೆ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು ಮನೆಯಲ್ಲಿ ಕುಳಿತ ಹಿರಿಯರು. ಅವರನ್ನು ಕೇಳಿದೆ.

“ಕಾಕಾರ, ಈ ಓಣ್ಯಾಗ ಸಗರದ ಹೆಣಮಗಳು ಯಾರದಾರ್ರಿ?”

“ಮೂಲಿಮನಿ ಅಕ್ಕ ಸಗರದಾಕಿ. ಯಾಕ್ರಿ?”

ನಾನು ಬೋಗುಣಿ ಎತ್ತಿ ತೋರಿಸಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಆಮೇಲೆ ಒಳಗಿನಿಂದ ಒಂದು ಕುರ್ಚಿ ತಂದು, ಓಣಿ ಚೆನ್ನಾಗಿ ಕಾಣುವ ಹಾಗೆ ಮಹಡಿಯ ಅಂಚಿಗೆ ಹಾಕಿಕೊಂಡು ಕುಳಿತರು. ಬೆಳಗಿನ ಬಿಸಿಲು ಕಾಯಿಸಿಕೊಳ್ಳುತ್ತಾರೆ ಎಂದುಕೊಂಡೆ.

ಸಕ್ಕರೆ ಹಾಕಿ ಕೊಡುವುದು ನನಗೆ ಜಿಪುಣತನವೆನಿಸಿತು. ಸುರಪುರದಿಂದ ಹೊರಡುವಾಗ ನಮ್ಮತ್ತೆ ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿ ಕೊಟ್ಟಿದ್ದರು. ಅಷ್ಟನ್ನೂ ಬೋಗುಣಿಗೆ ಜೋಡಿಸಿ, ಮೇಲೊಂದು ತಾಟು ಮುಚ್ಚಿ, ಧೋತರ ಸರಿ ಮಾಡಿಕೊಂಡು ಮೂಲೆಮನೆಗೆ ಹೋದೆ.

ಮೂಲೆಮನೆಯ ಅಕ್ಕ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಐವತ್ತು ದಾಟಿದ, ದೊಡ್ಡ ಕುಂಕುಮದ ಹೆಂಗಸು. ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ, “ಅಕ್ಕಾರ, ನಿಮ್ಮ ಬೋಗುಣಿ” ಎಂದು ಮುಂದಿಟ್ಟೆ.

ಅವರ ಕೈ ನಿಂತಿತು. ಬೋಗುಣಿಯನ್ನು ತಿರುಗಿಸಿ, ಕಂಠದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದರು.

“ಇದು ನಿಮಗ ಎಲ್ಲಿ ಸಿಕ್ತು?”

“ನೀವ ಕೊಟ್ಟಿದ್ರಲ್ರಿ, ನಿನ್ನಿ. ಹುಗ್ಗಿ ಭಾಳ ಛಂದ ಆಗಿತ್ರಿ.”

“ನಾ ಹುಗ್ಗಿ ಮಾಡಿ ಯಾವ ಕಾಲ ಆತು! ನಿಮಗ ಹುಗ್ಗಿ ಯಾರು ಕೊಟ್ಟಾರೋ ನಾ ಅರಿಯೆ.” ಇಷ್ಟು ಹೇಳಿ ಬೋಗುಣಿಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡರು. “ಬೋಗುಣಿ ಮಾತ್ರ ನಂದ.”

ತಾಟು ತೆಗೆದರು. ಶೇಂಗಾ ಬೆಲ್ಲದ ವಾಸನೆ ಬಂದಿರಬೇಕು. ಒಂದು ಹೋಳಿಗೆ ಎತ್ತಿ ಮುರಿದು ಬಾಯಿಗೆ ಹಾಕಿಕೊಂಡರು. “ಯಾರು ಮಾಡಿದ್ದು?” ಎಂದರು. ನಮ್ಮತ್ತೆ ಎಂದೆ. “ಕೈ ಛಲೋ ಅದ,” ಎಂದರು.

ಅಷ್ಟರಲ್ಲಿ ಬೆನ್ನ ಹಿಂದಿನಿಂದ ಕೂಗು ಬಂತು: “ಸರ, ಜರಾ ಇಲ್ಲಿ ಬರ್ರಿ.”

ನಮ್ಮ ಎದುರುಮನೆಯ ಅಕ್ಕ. ತೆಳ್ಳಗೆ, ಎತ್ತರವಾಗಿ, ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದರು. ಹೋದೆ.

“ಹುಗ್ಗಿ ಹೆಂಗಿತ್ರಿ?”

“ನೀವು ಕೊಟ್ಟದ್ದೇನ್ರಿ?”

“ಮತ್ಯಾರು ಕೊಡ್ತಾರ? ಗೋಧಿ ಕುಟ್ಟಿದಾಕಿ ನಾನು, ಬೆಲ್ಲ ಹಾಕಿದಾಕಿ ನಾನು, ಬಿಸಲಾಗ ತಂದು ನಿಮ್ಮ ಕೈಯಾಗ ಕೊಟ್ಟಾಕಿ ನಾನು. ಹೋಳಿಗಿ ತಿನ್ನಾಕಿ ಮಾತ್ರ ಅಕಿ!”

“ಬೋಗುಣಿ ಮ್ಯಾಲ ಸಗರ ಅಂತ ಬರ್ದಿತ್ರಿ ಅಕ್ಕಾರ...”

“ನನ್ನ ತವರು ಕೊಂಕಲ್. ಬೋಗುಣಿ ಓದಿದ್ರಿ, ಕೊಟ್ಟಾಕಿ ಮಾರಿ ನೋಡ್ಲಿಲ್ಲ.”

ಎರಡು ದಿನದಲ್ಲಿ ಇಬ್ಬರು ಹೆಂಗಸರಿಂದ ಒಂದೇ ಮಾತು ಕೇಳಿದಂತಾಯಿತು. ಬೋಗುಣಿ ಮೂಲೆಮನೆಯವರದಾದರೆ ನಿಮ್ಮ ಮನೆಗೆ ಹೇಗೆ ಬಂತು ಎಂದು ಮೆಲ್ಲಗೆ ಕೇಳಿದೆ. ಅದಕ್ಕೆ ಅವರು ಬಾಗಿಲ ಚೌಕಟ್ಟಿಗೆ ಒರಗಿ, ಮೂಲೆಮನೆಗೂ ಕೇಳಲಿ ಎಂಬಷ್ಟು ದನಿಯಲ್ಲಿ ಎಲ್ಲ ಹೇಳಿದರು.

ಇಬ್ಬರೂ ಒಂದು ಕಾಲಕ್ಕೆ ಒಬ್ಬರನ್ನೊಬ್ಬರು ಬಿಟ್ಟಿರದ ಗೆಳತಿಯರು. ಎದುರುಮನೆಯ ಮಗಳ ಮದುವೆಯಲ್ಲಿ ಮೂಲೆಮನೆಯಿಂದ ಹೊರೆಗಟ್ಟಲೆ ಪಾತ್ರೆ ಬಂದಿದ್ದವು, ಈ ಬೋಗುಣಿಯೂ ಅದರಲ್ಲಿತ್ತು. ಮದುವೆ ಮುಗಿದ ಮೇಲೆ ಎಲ್ಲ ಆಪ್ತರಿಗೆ ಕೊಟ್ಟ ಹಾಗೆ ಮೂಲೆಮನೆಯವರಿಗೂ ಆಯೇರಿಯಾಗಿ ಒಂದು ಸೀರೆ ಕೊಟ್ಟರು. ಸೀರೆಯದು ಬೂದಿ ಬಣ್ಣ.

“ನನ್ನ ಮುದುಕಿ ಮಾಡ್ಯಾಳ ಅಂತ ಸಿಟ್ಟು ಬಂತು ಅಕಿಗಿ. ಮಾತು ಬಿಟ್ಲು. ಈ ಬೋಗುಣಿ ನನ್ನ ಬಲ್ಲಿ ಉಳೀತು. ಹೋಗಿ ಕೊಟ್ರ ಸೋತಳು ಅಂತಾಳ. ಇಟ್ಕೊಂಡ್ರ ಕದ್ದಳು ಅಂತಾಳ. ನಾ ಏನ್ ಮಾಡ್ಲಿ, ಹೇಳ್ರಿ?”

ನಾನು ಬಾಯಿ ತೆರೆಯುವ ಮೊದಲೇ ಮೂಲೆಮನೆಯ ಕಟ್ಟೆಯಿಂದ “ಸರ, ಇಲ್ಲಿ ಬರ್ರಿ” ಎಂಬ ಕರೆ ಬಂತು.

ಮೂಲೆಮನೆಯ ಅಕ್ಕ ಹೋಳಿಗೆಗಳನ್ನೆಲ್ಲ ತಾಟಿಗೆ ಹಾಕಿ ಸಿದ್ಧವಾಗಿದ್ದರು. “ಇವು ನನ್ನವಲ್ಲ, ಒಯ್ದು ಅಕಿಗಿ ಕೊಡ್ರಿ. ಒಂದು ತಿಂದೀನಿ ಅಂತನೂ ಹೇಳ್ರಿ. ಆಮ್ಯಾಲ ಕದ್ದು ತಿಂದ್ಲು ಅನ್ನೂದು ಬ್ಯಾಡ.”

ತಾಟು ಹಿಡಿದು ಎದುರುಮನೆಗೆ ಬಂದೆ. ಅವರು ಹೋಳಿಗೆಯ ಕಡೆ ನೋಡಿದರು. ಕಣ್ಣಿನಲ್ಲಿ ಆಸೆ ಇತ್ತು, ನಾನು ಕಂಡೆ. ಬಾಯಿಂದ ಬಂದದ್ದು ಬೇರೆ: “ಅಕಿ ಕೈ ಹಚ್ಚಿದ್ದು ನನಗ್ಯಾಕ? ಅಕಿಗೇ ಇರ್ಲಿ. ನಿಲ್ರಿ, ಬೋಗುಣಿ ಮುಚ್ಚಳ ನನ್ನ ಬಲ್ಲೇ ಉಳದದ, ಅದನ್ನೂ ಒಯ್ದು ಕೊಡ್ರಿ. ಒಂದು ಋಣ ತೀರಿಹೋಗ್ಲಿ.”

ಒಂದು ಕೈಯಲ್ಲಿ ಹೋಳಿಗೆಯ ತಾಟು, ಇನ್ನೊಂದರಲ್ಲಿ ಮುಚ್ಚಳ ಹಿಡಿದು ಮತ್ತೆ ಮೂಲೆಮನೆಗೆ ಹೋದೆ. ಅಲ್ಲಿ ಮುಚ್ಚಳದ ಪರೀಕ್ಷೆ ನಡೆಯಿತು.

“ಇದು ನಂದಲ್ಲ. ನನ್ನ ಮುಚ್ಚಳಕ್ಕ ಮ್ಯಾಲ ಹಿಡಿಯಾಕ ಗುಂಡಿ ಇತ್ತು. ಅಕಿಗಿ ಹೇಳ್ರಿ, ಹಳೀ ಮುಚ್ಚಳ ಕೊಟ್ಟು ಹೊಸಾದು ಇಟ್ಕೋಬ್ಯಾಡ ಅಂತ.”

ಮತ್ತೆ ಹೊರಟೆ. ಬಿಸಿಲು ಏರಿತ್ತು. ಓಣಿಯ ನಡುವೆ ಬಂದಾಗಲೇ ಕಾಲು ಸುಡುವುದು ಗೊತ್ತಾಯಿತು. ಚಪ್ಪಲಿ ಮೂಲೆಮನೆಯ ಕಟ್ಟೆಯ ಕೆಳಗೇ ಉಳಿದಿದ್ದವು. ಅಕ್ಕಪಕ್ಕದ ಬಾಗಿಲುಗಳಲ್ಲಿ ಜನ ನಿಂತಿದ್ದರು. ಊರಿಗೆ ಹೊಸಬನಾದವನು ಎಲ್ಲರಿಗೂ ಪರಿಚಯವಾಗಲು ವರ್ಷ ಬೇಕೆನ್ನುತ್ತಾರೆ. ನನಗೆ ಒಂದು ಬೆಳಗು ಸಾಕಾಯಿತು. ಮೇಲೆ ಕುರ್ಚಿಯಲ್ಲಿ ಮಾಲೀಕರು ಮುಂದಕ್ಕೆ ಬಾಗಿ ಕುಳಿತಿದ್ದರು.

ಈ ಸಲ ಎದುರುಮನೆಯ ಅಕ್ಕ ನಾನು ಮುಟ್ಟುವವರೆಗೆ ಕಾಯಲಿಲ್ಲ. ಅಂಗಳಕ್ಕೆ ಇಳಿದು, ನನ್ನ ತಲೆಯ ಮೇಲಿಂದಲೇ ಕೂಗಿದರು: “ಗುಂಡಿ ಇತ್ತಂತ! ಗುಂಡಿ ಇದ್ದದ್ದು ನಿಮ್ಮ ದೊಡ್ಡ ಡಬರಿ ಮುಚ್ಚಳಕ್ಕ!”

“ನನ್ನ ಭಾಂಡಿ ನನಗ ಗೊತ್ತಿಲ್ಲೇನು?”

“ಗೊತ್ತಿದ್ರ ಮದುವಿ ದಿನಾನ ಎಣಿಸಿ ಒಯ್ಯಬೇಕಿತ್ತು.”

“ಒಯ್ಯಾಕ ಬಂದಿದ್ದೆ. ಬಂದಾಕಿ ಕೈಯಾಗ ಆ ಬೂದಿ ಸೀರಿ ಇಟ್ಟಿ ನೀನು!”

ಮೇಲಿನಿಂದ ಮಾಲೀಕರು, “ಮಾತಾಡಿದ್ರಲ್ಲಪಾ!” ಎಂದರು. ಯಾರಿಗೂ ಹೇಳಿದ ಹಾಗಿರಲಿಲ್ಲ, ಎಲ್ಲರಿಗೂ ಕೇಳಿಸಿತು. ಆ ಇಬ್ಬರಿಗೂ ಆಗಲೇ ಅರಿವಾಯಿತೇನೋ. ನನ್ನ ಮೇಲಿಂದ ಹಾದುಹೋಗುವ ಮಾತು ನಿಂತದ್ದರಿಂದ ನಾನು ತಲೆ ಎತ್ತಿದೆ. ಓಣಿಯ ಆ ತುದಿಯಲ್ಲಿ ನನ್ನ ಹೆಂಡತಿ ಛತ್ರಿ ಹಿಡಿದು ಬರುತ್ತಿದ್ದಳು.

ಹತ್ತಿರ ಬಂದು ಅವಳು ಮೊದಲು ನನ್ನ ಬರಿಗಾಲು ನೋಡಿದಳು, ಆಮೇಲೆ ಮುಚ್ಚಳ, ಕೊನೆಗೆ ಹೋಳಿಗೆ. ಹೋಳಿಗೆ ನೋಡಿದಾಗ ಮುಖ ಸ್ವಲ್ಪ ಬದಲಾಯಿತು.

“ಏನ್ ಮಾಡಾಕತ್ತೀರಿ?”

“ಬೋಗುಣಿ ಕೊಡಾಕತ್ತೇನಿ.”

“ಎಲ್ಲದ ಬೋಗುಣಿ?”

“ಅದನ್ನ ಕೊಟ್ಟೀನಿ.”

ಅವಳು ಹೆಚ್ಚು ಕೇಳಲಿಲ್ಲ. ಇಬ್ಬರ ಮಾತನ್ನೂ ಅಷ್ಟಿಷ್ಟು ಕೇಳಿಸಿಕೊಂಡಳು. ಮಧ್ಯಾಹ್ನದ ಹೊತ್ತು ಎರಡನೇ ತರಗತಿಯನ್ನು ಸುಮ್ಮನಾಗಿಸುವ ದನಿಯೊಂದು ಅವಳಲ್ಲಿದೆ, ಕೂಗುವುದಲ್ಲ, ಇಳಿಸುವುದು. ಆ ದನಿಯಲ್ಲಿ ಹೇಳಿದಳು: “ಅಕ್ಕಾರ, ಇಬ್ರೂ ಒಳಗ ಬರ್ರಿ. ಬಿಸಲಾಗ ಬೈದಾಡಿದ್ರ ತಲಿ ತಿರಗತದ. ಚಾ ಕುಡದು ಬೈದಾಡ್ರಿ.”

ಇಬ್ಬರೂ ಬಂದರು. ಒಬ್ಬರು ಬಂದು ಇನ್ನೊಬ್ಬರು ಬರದಿದ್ದರೆ ಬಾರದವರ ಬಗ್ಗೆ ಏನು ಮಾತಾದೀತೋ ಎಂಬ ಹೆದರಿಕೆ ಇಬ್ಬರಿಗೂ ಇದ್ದಿರಬೇಕು. ಒಬ್ಬರು ಕಿಟಕಿಯ ಕಡೆ ನೋಡುತ್ತ ಕುಳಿತರು, ಇನ್ನೊಬ್ಬರು ಇನ್ನೂ ಬಿಚ್ಚದ ಗಂಟುಗಳ ಕಡೆ ನೋಡುತ್ತ ಕುಳಿತರು. ಹೆಂಡತಿ ಅಡುಗೆಮನೆಗೆ ಹೋದಳು.

ಸ್ವಲ್ಪ ಹೊತ್ತಾಯಿತು. ಡಬ್ಬಿ ತೆಗೆದು ಮುಚ್ಚುವ ಸದ್ದು ಬಂತು. ಮತ್ತೆ ತೆಗೆದು ಮುಚ್ಚುವ ಸದ್ದು.

“ರೀ, ಸಕ್ಕರಿ ಎಲ್ಲದ?”

“ಸಣ್ಣ ಡಬ್ಬಿ ಸಾಲಿನಾಗ, ಸಾಸವಿ ಆದ ಮ್ಯಾಲ.”

“ಸಾಸವಿ ಎಲ್ಲದ?”

ಮೂಲೆಮನೆಯ ಅಕ್ಕ ಎದ್ದು ನೋಡಲು ಹೋದರು. ಅವರು ಹೋದರೆಂದು ಎದುರುಮನೆಯವರೂ ಎದ್ದರು. ಮೂವರು ಹೆಂಗಸರು ನನ್ನ ಅಡುಗೆಮನೆಯ ನಡುವೆ ನಿಂತು ಸುತ್ತಲೂ ನೋಡಿದರು. ಯಾರೂ ಮಾತಾಡಲಿಲ್ಲ. ಮೆಚ್ಚುಗೆಯಿಂದ ಇರಬಹುದು ಎಂದು ಬಾಗಿಲಲ್ಲಿ ನಿಂತ ನನಗೆ ಒಂದು ಗಳಿಗೆ ಅನಿಸಿದ್ದು ನಿಜ.

“ಇದನ್ನ ಯಾರು ಹಚ್ಯಾರ?” ಮೂಲೆಮನೆಯವರು ಕೇಳಿದರು.

“ನಾನ್ರಿ.”

“ಜ್ವಾಳದ ಹಿಟ್ಟು ಅಟ್ಟದ ಮ್ಯಾಲ ಯಾಕ?” ಎದುರುಮನೆಯವರು ಕೇಳಿದರು.

“ದೊಡ್ಡ ಡಬ್ಬಿ ಅದರಿ, ಕಾಲಾಗ ತಡೀತದಂತ.”

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಆಗಲೇ.

“ದಿನಾ ರೊಟ್ಟಿ ಮಾಡಾಕ ಏಣಿ ಹತ್ತಬೇಕೇನು ಈ ಹುಡಗಿ?”

“ಅಯ್ಯ, ಇಲ್ಲಿ ನೋಡು! ಉಪ್ಪಿನ ಬಾಜೂಕ ಅರಿವಿ ಒಗಿಯೂ ಸೋಡಾ!”

“ಎರಡೂ ಬೆಳ್ಳಗ ಅದಾವಲ್ರಿ,” ಎಂದೆ. ಹೇಳಬಾರದಿತ್ತು. ಮೊದಲು ನನ್ನ ಹೆಂಡತಿ ನಕ್ಕಳು, ಆಮೇಲೆ ಮೂಲೆಮನೆಯವರು, ಕೊನೆಗೆ ಎದುರುಮನೆಯವರು ಗೋಡೆ ಹಿಡಿದುಕೊಂಡು ನಕ್ಕರು. ನಗು ಮುಗಿಯುವ ಮೊದಲೇ ಇಬ್ಬರೂ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಏಣಿ ತರಲು ನನಗೆ ಅಪ್ಪಣೆಯಾಯಿತು. ಹಿಟ್ಟಿನ ಡಬ್ಬಿ ಕೆಳಗಿಳಿಯಿತು, ನಾನು ಎತ್ತರದ ಪ್ರಕಾರ ಕಟ್ಟಿದ ಸಾಲುಗಳೆಲ್ಲ ಒಂದೊಂದಾಗಿ ಕುಸಿದವು.

“ಗಂಡಸರ ಕೈಯಾಗ ಕೊಟ್ರ ಹಿಂಗ,” ಎಂದರು ಮೂಲೆಮನೆಯವರು, ಡಬ್ಬಿ ಒರೆಸುತ್ತ.

ಎದುರುಮನೆಯವರ ಕೈ ನಿಂತಿತು. “ಈಗ ತಿಳೀತೇನು? ನಿನ್ನ ಸೀರಿ ತಂದವರು ಯಾರು ಅಂತ ತಿಳಕೊಂಡಿ? ಮನಿ ತುಂಬ ಮಂದಿ, ನನಗ ಅಂಗಡಿಗಿ ಹೋಗಾಕ ಆಗಲಿಲ್ಲ. ನಮ್ಮ ಮನಿಯವರಿಗಿ ಕಳಿಸಿದೆ. ಅವರಿಗಿ ಹಸರು ಯಾವುದು, ನೀಲಿ ಯಾವುದು, ಫರಕ ತಿಳಿಯಂಗಿಲ್ಲ.”

“ಮತ್ತ ಅವತ್ತ ಹೇಳಬೇಕಿತ್ತು.”

“ನೀ ನಿಂತ್ರಲ್ಲ ಹೇಳೂದು!”

ಮೂಲೆಮನೆಯವರು ಡಬ್ಬಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿದರು. ಚಹಾ ಆಯಿತು. ತಾಟಿನಲ್ಲಿದ್ದ ಹೋಳಿಗೆಯನ್ನು ಹೆಂಡತಿ ಎಲ್ಲರಿಗೂ ಹಂಚಿದಳು, ಎದುರುಮನೆಯವರು ಈ ಸಲ ಬೇಡವೆನ್ನಲಿಲ್ಲ. ಎರಡನೆಯದನ್ನು ತಾವೇ ತೆಗೆದುಕೊಂಡರು.

“ಆ ಸೀರಿ ಏನ್ ಮಾಡ್ದಿ?” ತಿನ್ನುತ್ತಲೇ ಕೇಳಿದರು. “ಯಾರಿಗರ ಕೊಟ್ಟೇನು?”

“ಯಾಕ ಕೊಡ್ಲಿ? ಅಬ್ಬೆತುಮಕೂರ ಜಾತ್ರಿಗಿ ಹೋದಾಗ ಉಟ್ಟಿದ್ದೆ.” ಸ್ವಲ್ಪ ತಡೆದು ಅಂದರು, “ಛಂದ ಕಾಣ್ತದ ಅಂದ್ರು ಮಂದಿ.”

ನನ್ನ ಹೆಂಡತಿ ಕಪ್ಪಿನ ಹಿಂದೆ ಮುಖ ಮರೆ ಮಾಡಿಕೊಂಡಳು. ಎದುರುಮನೆಯವರು ಎಷ್ಟೋ ಹೊತ್ತು ಗೆಳತಿಯನ್ನೇ ನೋಡಿದರು. ಮೂಲೆಮನೆಯವರಿಗೆ ಆ ನೋಟ ತಾಳಲಾಗಲಿಲ್ಲ, ಮಾತು ತಿರುಗಿಸಿದರು: “ಅದು ಇರ್ಲಿ. ಇವರಿಗಿ ಹುಗ್ಗಿ ಕೊಡಾಕ ನಿನಗ ಬ್ಯಾರೆ ಬೋಗುಣಿ ಇರಲಿಲ್ಲೇನು? ನನ್ನದ ಯಾಕ ಕಳಿಸಿದಿ?”

ಎದುರುಮನೆಯವರು ಬಸಿಯಲ್ಲಿ ಚಹಾ ಸುರಿದು ಊದಿ ಊದಿ ಕುಡಿದರು. ಆ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ನನ್ನ ಹೆಂಡತಿಗೆ ಈ ಬಗ್ಗೆ ಒಂದು ಅನುಮಾನವಿದೆ. ಬೋಗುಣಿ ಕೊಡುವಾಗ ಅವರು ನನ್ನ ಮುಖವನ್ನು ಸರಿಯಾಗಿ ನೋಡಿಕೊಂಡೇ ಕೊಟ್ಟಿರಬೇಕು ಎನ್ನುತ್ತಾಳೆ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೇನೆ.

ಅಡುಗೆಮನೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಇಬ್ಬರೂ ಜಗಳ ಬಿಟ್ಟಿದ್ದರೆಂದಲ್ಲ. ಒಲೆ ಯಾವ ಕಡೆ ಇರಬೇಕು, ಉಪ್ಪು ಕೈಗೆ ಎಟುಕುವಂತೆ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ಜೋರಾಗಿಯೇ ವಾದಿಸಿದರು. ಮನೆ ಯಾರದು ಎಂಬ ಪ್ರಶ್ನೆ ಬರಲಿಲ್ಲ. ನನ್ನ ಹೆಂಡತಿ ಗಂಟೊಂದರ ಮೇಲೆ ಕುಳಿತು ಹಾಯಾಗಿ ನೋಡುತ್ತಿದ್ದಳು. ಮುಚ್ಚಳ ಯಾರದೆಂದು ಮಾತ್ರ ತೀರ್ಮಾನವಾಗಲಿಲ್ಲ. ಇಬ್ಬರೂ ನಂದಲ್ಲ ಎಂದು ನಮ್ಮಲ್ಲೇ ಬಿಟ್ಟುಹೋದರು, ಈಗ ಅದು ನಮ್ಮ ಹಾಲಿನ ಪಾತ್ರೆಗೆ ಸರಿಯಾಗಿ ಕೂರುತ್ತದೆ. ನನ್ನ ಚಪ್ಪಲಿಗಳನ್ನು ಮೂಲೆಮನೆಯವರು ಸಂಜೆ ತಾವೇ ತಂದು ಬಾಗಿಲಲ್ಲಿ ಬಿಟ್ಟರು.

ಅಂದು ಸಂಜೆ ಹೊಸ ಮನೆಯಲ್ಲಿ ಮೊದಲ ಸಲ ಅಡುಗೆಗೆ ಒಲೆ ಹತ್ತಿತು. ಹೆಂಡತಿ ರೊಟ್ಟಿ ಬಡಿಯುವ ಸದ್ದು ಗೋಡೆಗೆ ತಾಗಿ ಬರುತ್ತಿತ್ತು, ಅಲ್ಲಿಯವರೆಗೆ ಬಾಡಿಗೆ ಮನೆಯಾಗಿದ್ದದ್ದು ಆ ಸದ್ದಿಗೆ ನಮ್ಮದೆನಿಸಿತು. ಬದನೆಕಾಯಿ ಒಗ್ಗರಣೆಗೆ ಹಾಕಿ ಅವಳು ಖಾರದ ಪುಡಿ ಕೇಳಿದಳು. ನಾನು ಹುಡುಕಿದೆ, ಸಿಗಲಿಲ್ಲ. ಅವಳೂ ಹುಡುಕಿದಳು, ಸಿಗಲಿಲ್ಲ. ಕಿಟಕಿ ತೆರೆದು ಕೂಗಿದಳು: “ಅಕ್ಕಾರ, ಖಾರಾ ಎಲ್ಲಿಟ್ಟೀರಿ?”

“ಒಲಿ ಬಾಜೂಕ, ಕೆಂಪು ಡಬ್ಬ್ಯಾಗ!” ಎಂದು ಎದುರುಮನೆಯಿಂದ ಬಂತು.

“ಅಲ್ಲ, ಅಲ್ಲಿಂದ ನಾ ತಗದೀನಿ! ಮ್ಯಾಲಿನ ಗೂಡಿನಾಗ ನೋಡ್ರಿ!” ಎಂದು ಮೂಲೆಮನೆಯಿಂದ ಬಂತು.

ಎರಡೂ ಕಡೆ ನೋಡಿದೆವು, ಸಿಗಲಿಲ್ಲ. ಹೊರಗೆ ಆ ಇಬ್ಬರು ಅದನ್ನು ಎಲ್ಲಿ ಇಡಬೇಕಾಗಿತ್ತು ಎಂದು ಮಾತಿಗೆ ಮಾತು ಬೆಳೆಸುತ್ತಿದ್ದರು, ಮಾಲೀಕರು ಮೇಲಿನಿಂದ ನಡುನಡುವೆ ಒಂದೊಂದು ಮಾತು ಹಾಕುತ್ತಿದ್ದರು. ಹೆಂಡತಿ ಒಲೆ ಸಣ್ಣ ಮಾಡಿ, ಕಿಟಕಿಗೆ ಒರಗಿ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಹಸಿಮೆಣಸಿನಕಾಯಿ ಎರಡು ಮುರಿದು ಹಾಕಿ ಪಲ್ಯ ಇಳಿಸಿದಳು. ಸಪ್ಪಗಿತ್ತು. ಇಬ್ಬರೂ ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆವು.